ಸಾಸೇಜ್ ರೋಲಿನೊಳಗಿನ ನೀರು

ಇಂಗ್ಲೆಂಡಿನ ಪೇಟೆಬೀದಿಗಳಲ್ಲಿ ಕಾಗದದ ಪೊಟ್ಟಣದಲ್ಲಿ ಹಿಡಿದು, ಕೋಟಿನ ಮೇಲೆ ಚೂರು ಉದುರಿಸಿಕೊಳ್ಳುತ್ತ, ನಡೆಯುತ್ತಲೇ ತಿಂದು ಮುಗಿಸುವ ತಿಂಡಿಗಳಲ್ಲಿ ಸಾಸೇಜ್ ರೋಲಿಗೆ ಮೊದಲ ಪಂಕ್ತಿ. ಮಕ್ಕಳ ಹುಟ್ಟುಹಬ್ಬಕ್ಕೂ ಅದು ಬೇಕು, ಕ್ರಿಸ್‌ಮಸ್ ಮೇಜಿಗೂ ಬೇಕು. ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳಿಗೆ ವಲಸೆ ಹೋದವರು ಅದನ್ನು ಜೊತೆಯಲ್ಲೇ ಒಯ್ದರು. ನಮ್ಮ ಬೇಕರಿಗಳ ಎಗ್ ಪಫ್ಸ್ ತಿಂದು ಬೆಳೆದವರಿಗೆ ಅದರ ಹೊರಮೈ ಹೊಸದಲ್ಲ. ಬೆಂಗಳೂರಿನ ಫ್ರೇಜರ್ ಟೌನಿನಲ್ಲಿ 1902ರಿಂದ ನಡೆಯುತ್ತಿರುವ ಆಲ್ಬರ್ಟ್ ಬೇಕರಿಯ ಕೈಮಾ ಪಫ್ಸ್ ರುಚಿ ಕಂಡವರಿಗಂತೂ ಇದು ದೂರದ ನೆಂಟನೇ.

ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ಬಿಡಿಸಿಬಿಡೋಣ. ಸೂಪರ್ ಮಾರ್ಕೆಟ್ಟಿನ ಫ್ರೀಜರಿನಲ್ಲಿ ಸಿಗುವ, ಆಗಲೇ ಬೆಂದಿರುವ ಗುಲಾಬಿ ಬಣ್ಣದ ಸಾಸೇಜನ್ನು ಹಿಟ್ಟಿನಲ್ಲಿ ಸುತ್ತಿ ಬೇಯಿಸಿದರೆ ಅದು ಸಾಸೇಜ್ ರೋಲ್ ಆಗುವುದಿಲ್ಲ. ಬ್ರಿಟನ್ನಿನ ರೋಲಿನೊಳಗೆ ಹೋಗುವುದು ಉಪ್ಪು, ಮಸಾಲೆ ಹಾಕಿ ನಾದಿದ ಹಸಿ ಹಂದಿ ಕೈಮಾ. ಅದರ ಮೇಲೆ ಕರುಳಿನ ಸಿಪ್ಪೆಯಿಲ್ಲ, ಒಳಗೆ ಗುಲಾಬಿ ಬಣ್ಣ ಕೊಡುವ ನೈಟ್ರೈಟ್ ಇಲ್ಲ. ಹಾಗಾಗಿ ಬೆಂದ ಮೇಲೆ ಅದು ಬೂದುಗಂದು ಬಣ್ಣಕ್ಕೆ ತಿರುಗುತ್ತದೆ. ಹಸಿ ಮಾಂಸವೂ ಹಸಿ ಹಿಟ್ಟೂ ಒಂದೇ ಓವನ್ನಿನಲ್ಲಿ ಒಂದೇ ಹೊತ್ತಿಗೆ ಬೇಯಬೇಕು ಎನ್ನುವುದರಲ್ಲೇ ಇದರ ಕಷ್ಟವೆಲ್ಲ ಅಡಗಿದೆ.

ಆ ಕಷ್ಟದ ಬೇರು ನೀರಿನಲ್ಲಿದೆ. ಕೊಬ್ಬಿಲ್ಲದ ಮಾಂಸದ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ನೀರೇ. ಮೈದಾ ಕಲಸಲು ಅದರ ಅರ್ಧ ತೂಕದ ನೀರು ಹಾಕುತ್ತೇವೆ. ಬೆಣ್ಣೆಯಲ್ಲೂ ನೂರಕ್ಕೆ ಹದಿನಾರರವರೆಗೆ ನೀರಿರುತ್ತದೆ. ಬೆಣ್ಣೆಯೊಳಗಿನ ನೀರು ಹಬೆಯಾಗಿ ಹೊರಟುಹೋಗಬೇಕು. ಮಾಂಸದೊಳಗಿನದು ಕದಲದೆ ಅಲ್ಲೇ ಉಳಿಯಬೇಕು. ಇವೆರಡರ ನಡುವಿನ ಗಡಿಯಲ್ಲಿ ನೀರು ನಿಲ್ಲಲೇಬಾರದು. ರೋಲ್ ಮಾಡುವವರು ಮಾಡುವುದೆಲ್ಲ, ಮಡಿಸುವುದು, ತಣಿಸುವುದು, ಉಪ್ಪು ಹಾಕಿ ನಾದುವುದು, ಮೇಲೆ ಗೀರು ಹಾಕುವುದು, ಈ ನೀರಿಗೆ ದಾರಿ ತೋರಿಸುವ ಕೆಲಸವೇ.

ಹೊರಗಿನ ಪದರದಿಂದ ಶುರುಮಾಡೋಣ. ಪದರ ಬಿಡುವ ತಿಂಡಿ ನಮಗೆ ಅಪರಿಚಿತವಲ್ಲ, ಮದುವೆಮನೆಯ ಚಿರೋಟಿಯೇ ಇದೆ. ಅಲ್ಲಿ ತೆಳ್ಳಗೆ ಲಟ್ಟಿಸಿದ ಹಾಳೆಗಳ ನಡುವೆ ತುಪ್ಪಕ್ಕೆ ಅಕ್ಕಿಹಿಟ್ಟು ಕಲಸಿ ಸವರುತ್ತೇವೆ, ಸುರುಳಿ ಸುತ್ತಿ, ಕತ್ತರಿಸಿ, ಮತ್ತೆ ಲಟ್ಟಿಸಿ ಕರಿಯುತ್ತೇವೆ. ತುಪ್ಪದಲ್ಲಿ ನೀರಿಲ್ಲ. ಅದರ ಕೆಲಸ ಹಾಳೆಗಳು ಒಂದಕ್ಕೊಂದು ಅಂಟದಂತೆ ತಡೆಯುವುದಷ್ಟೆ. ಎಣ್ಣೆಗೆ ಬಿದ್ದಾಗ ಹಿಟ್ಟಿನ ಸ್ವಂತ ನೀರೇ ಹಬೆಯಾಗಿ ಪದರಗಳನ್ನು ಬಿಡಿಸುತ್ತದೆ. ಪಫ್ ಹಿಟ್ಟಿನಲ್ಲಿ ತುಪ್ಪದ ಜಾಗಕ್ಕೆ ಬೆಣ್ಣೆ ಬಂದಿದೆ, ಬೆಣ್ಣೆಯ ಜೊತೆಗೆ ಅದರೊಳಗಿನ ನೀರೂ ಬಂದಿದೆ. 250 ಗ್ರಾಂ ಬೆಣ್ಣೆಯಲ್ಲಿ 40 ಗ್ರಾಂ ನೀರಿದೆ ಎಂದುಕೊಳ್ಳಿ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗ್ರಾಂ ನೀರು ಹಬೆಯಾದರೆ ಸುಮಾರು 1.7 ಲೀಟರ್ ಜಾಗ ಬೇಡುತ್ತದೆ. ಅಂದರೆ ಆ ಬೆಣ್ಣೆಯೊಂದರಿಂದಲೇ 65 ಲೀಟರಿಗೂ ಹೆಚ್ಚು ಹಬೆ. ಬಹುಪಾಲು ಸೋರಿಹೋಗುತ್ತದೆ, ಸರಿ. ಆದರೆ ಹೋಗುವ ಮೊದಲು ಒಂದೊಂದು ಹಾಳೆಯನ್ನೂ ಎತ್ತಿಯೇ ಹೋಗುತ್ತದೆ. ಈಸ್ಟ್ ಇಲ್ಲ, ಸೋಡಾ ಇಲ್ಲ, ಬೇಕಿಂಗ್ ಪೌಡರ್ ಇಲ್ಲ. ಮೂರು ಮಿಲಿಮೀಟರಿನ ಹಿಟ್ಟು ಉಬ್ಬುವುದು ಬರಿಯ ಹಬೆಯಿಂದ.

ಹಬೆ ಎತ್ತಬೇಕಾದರೆ ಬೆಣ್ಣೆ ಹಾಳೆಯಾಗಿಯೇ ಇರಬೇಕು, ಹಿಟ್ಟಿನೊಳಗೆ ಇಂಗಿರಬಾರದು. ನಮ್ಮ ಊರುಗಳಲ್ಲಿ ತೊಂದರೆಯಾಗುವುದು ಇಲ್ಲೇ. ಬೆಣ್ಣೆ ಸುಮಾರು 12ರಿಂದ 18 ಡಿಗ್ರಿಯ ನಡುವೆ ಲಟ್ಟಣಿಗೆಯ ಮಾತು ಕೇಳುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಒಡೆದು ಚೂರಾಗಿ ಹಿಟ್ಟನ್ನು ಹರಿಯುತ್ತದೆ, ಬೆಚ್ಚಗಾದರೆ ಮೆತ್ತಗಾಗಿ ಪಕ್ಕಕ್ಕೆ ಜಾರುತ್ತದೆ, 35 ಡಿಗ್ರಿ ಹೊತ್ತಿಗೆ ಪೂರಾ ಕರಗಿರುತ್ತದೆ. ಲಂಡನ್ನಿನ ಚಳಿಗಾಲದ ಅಡುಗೆಮನೆಯಲ್ಲಿ ಈ ಹದ ತಾನಾಗಿ ಒದಗಿಬರುತ್ತದೆ. ಏಪ್ರಿಲ್ ತಿಂಗಳ ರಾಯಚೂರಿನಲ್ಲಿ ಪ್ರತಿ ಮಡಿಕೆಗೊಮ್ಮೆ ಹಿಟ್ಟು ಫ್ರಿಡ್ಜಿಗೆ ಹೋಗಬೇಕು, ಸಾಧ್ಯವಾದರೆ ಲಟ್ಟಿಸುವ ಕಲ್ಲೂ ಹೋಗಬೇಕು. ನಮ್ಮ ಬಹುತೇಕ ಬೇಕರಿಗಳು ಬೆಣ್ಣೆಯ ಸಹವಾಸ ಬಿಟ್ಟು ಪಫ್ ಮಾರ್ಗರಿನ್ ಹಿಡಿದದ್ದು ಬೆಲೆಯ ಕಾರಣಕ್ಕೊಂದೇ ಅಲ್ಲ. ಅದು ಕರಗುವುದು ಬೆಣ್ಣೆಗಿಂತ ಹೆಚ್ಚಿನ ಶಾಖದಲ್ಲಿ. ಬೇಸಿಗೆಯಲ್ಲೂ ಗಟ್ಟಿಯಾಗಿ ನಿಲ್ಲುತ್ತದೆ, ಪದರ ಭರ್ಜರಿಯಾಗಿ ಏಳುತ್ತದೆ. ಆದರೆ ಬಾಯಿಯ ಶಾಖ 37 ಡಿಗ್ರಿ. ಅಲ್ಲಿ ಪೂರಾ ಕರಗದ ಕೊಬ್ಬು ಅಂಗುಳಿಗೆ ಜಿಡ್ಡಾಗಿ ಅಂಟಿಕೊಳ್ಳುತ್ತದೆ. ಪಫ್ಸ್ ತಿಂದ ಮೇಲೆ ಬಿಸಿ ಟೀ ಬೇಕೇ ಬೇಕೆನ್ನಿಸುವುದಕ್ಕೆ ಇದೂ ಒಂದು ಕಾರಣವಿರಬೇಕೆಂದು ನನ್ನ ಗುಮಾನಿ. ಹಿಂದೆಲ್ಲ ಇಂಥ ಕೊಬ್ಬುಗಳಲ್ಲಿ ಹೃದಯಕ್ಕೆ ಕೆಡುಕಾದ ಟ್ರಾನ್ಸ್ ಕೊಬ್ಬು ಧಾರಾಳವಾಗಿರುತ್ತಿತ್ತು. ಆಹಾರ ಸುರಕ್ಷತಾ ಪ್ರಾಧಿಕಾರ 2022ರ ಜನವರಿಯಿಂದ ಅದನ್ನು ಶೇಕಡಾ 2ಕ್ಕೆ ಇಳಿಸಿದೆ. ಮನೆಯಲ್ಲಿ ಮಾಡುವವರಿಗೆ ನನ್ನ ಮಾತು ಬೆಣ್ಣೆಯೇ. ಅಂಗಡಿಯ ಟೇಬಲ್ ಬೆಣ್ಣೆಯಲ್ಲಿ ಉಪ್ಪಿರುತ್ತದೆ, ಹಿಟ್ಟಿಗೆ ಬೇರೆ ಹಾಕಬೇಡಿ.

ಮಡಿಸುವ ಲೆಕ್ಕ ಕುತೂಹಲದ್ದು. ಹಿಟ್ಟಿನ ನಡುವೆ ಬೆಣ್ಣೆಯ ಒಂದು ಹಾಳೆ ಇಟ್ಟು ಮುಚ್ಚಿ, ಉದ್ದಕ್ಕೆ ಲಟ್ಟಿಸಿ, ಅಂಚೆಯ ಕಾಗದ ಮಡಿಸುವಂತೆ ಮೂರಾಗಿ ಮಡಿಸಿದರೆ ಬೆಣ್ಣೆಯ ಪದರ ಮೂರಾಗುತ್ತದೆ. ಇನ್ನೊಮ್ಮೆ ಮಡಿಸಿದರೆ ಒಂಬತ್ತು. ಹಳೆಯ ಫ್ರೆಂಚ್ ಪದ್ಧತಿ ಆರು ಸಲ ಮಡಿಸು ಎನ್ನುತ್ತದೆ. ಆಗ 729. ಕೇಳಲು ಚೆಂದ. ಆದರೆ ಅದನ್ನು ಮೂರು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದರೆ ಹಿಟ್ಟು, ಬೆಣ್ಣೆ ಎರಡೂ ಸೇರಿ ಸಾವಿರದ ನಾನೂರಕ್ಕೂ ಹೆಚ್ಚು ಪದರ, ಒಂದೊಂದರ ಪಾಲಿಗೆ ಬರುವುದು ಎರಡು ಮೈಕ್ರಾನ್. ಗೋಧಿಯ ಪಿಷ್ಟದ ದೊಡ್ಡ ಕಣಗಳೇ 20ರಿಂದ 30 ಮೈಕ್ರಾನ್ ಇರುತ್ತವೆ. ಕಣಕ್ಕಿಂತ ತೆಳ್ಳಗಿನ ಹಾಳೆ ಅಖಂಡವಾಗಿ ಉಳಿಯುವುದಾದರೂ ಹೇಗೆ? ಎಷ್ಟೋ ಕಡೆ ಹರಿದು ಒಂದರೊಳಗೊಂದು ಸೇರಿಹೋಗಿರುತ್ತವೆ. ನಾಲ್ಕು ಸಲ ಮಡಿಸಿದರೆ ಬೆಣ್ಣೆಯ ಪದರ 81, ಪದರವೊಂದರ ದಪ್ಪ ಸರಾಸರಿ 18 ಮೈಕ್ರಾನ್. ಬರಿಯ ಸಕ್ಕರೆ ಸವರಿ ತಿನ್ನುವ ಪೇಸ್ಟ್ರಿಗೆ ಹೆಚ್ಚಿನ ಮಡಿಕೆ ಇರಲಿ. ಮಾಂಸದ ಭಾರ ಹೊರಬೇಕಾದ ರೋಲಿಗೆ 81 ಸಾಕು.

ಮಡಿಕೆಗಳ ನಡುವೆ ಅರ್ಧ ಗಂಟೆ ಫ್ರಿಡ್ಜಿನಲ್ಲಿಡಲು ಹೇಳುವುದು ಬೆಣ್ಣೆಗಾಗಿ ಮಾತ್ರವಲ್ಲ, ಹಿಟ್ಟಿಗಾಗಿಯೂ ಹೌದು. ಮೈದಾ ಮುದ್ದೆಯೊಂದನ್ನು ನಲ್ಲಿಯ ಕೆಳಗೆ ಹಿಡಿದು ಕಿವುಚುತ್ತ ಹೋಗಿ. ಹಾಲಿನ ಬಣ್ಣದ ಪಿಷ್ಟವೆಲ್ಲ ತೊಳೆದುಹೋಗಿ, ಜಗ್ಗಿದರೆ ಹಿಗ್ಗಿ ಬಿಟ್ಟರೆ ಹಿಂದಕ್ಕೆ ಸರಿಯುವ ಬೂದುಬಣ್ಣದ ಅಂಟು ಕೈಯಲ್ಲಿ ಉಳಿಯುತ್ತದೆ. ಬೊಲೊನ್ಯಾದ ಯಾಕೊಪೊ ಬೆಕ್ಕಾರಿ ಹೀಗೆಯೇ ತೊಳೆದು ಗ್ಲೂಟೆನ್ನನ್ನು ಬೇರ್ಪಡಿಸಿದ. 1745ರಲ್ಲಿ ಅದರ ಬಗೆಗಿನ ಬರಹ ಅಚ್ಚಾಯಿತು. ಗಿಡದಲ್ಲೂ ಪ್ರಾಣಿಯ ದೇಹದಂಥದೇ ವಸ್ತು ಇದೆ ಎನ್ನುವುದು ಆ ಕಾಲಕ್ಕೆ ಅಚ್ಚರಿಯ ಸಂಗತಿ. ಲಟ್ಟಿಸಿದಾಗ ಈ ಗ್ಲೂಟೆನ್ ಜಾಲ ಬಿಗಿಯುತ್ತದೆ. ಬಿಗಿದ ಹಿಟ್ಟನ್ನು ಹಾಗೇ ಓವನ್ನಿಗೆ ಹಾಕಿದರೆ ಅಲ್ಲಿ ಕುಗ್ಗುತ್ತದೆ, ರೋಲು ಸೊಟ್ಟಗಾಗುತ್ತದೆ, ಹೊಲಿಗೆ ಬಿಟ್ಟು ಮಾಂಸ ಇಣುಕುತ್ತದೆ. ಸುಮ್ಮನೆ ಬಿಟ್ಟರೆ ಎಳೆಗಳ ನಡುವಿನ ಬೆಸುಗೆಗಳು ನಿಧಾನಕ್ಕೆ ಸಡಿಲಗೊಂಡು ಹೊಸ ಜಾಗ ಹಿಡಿಯುತ್ತವೆ. ಒಬ್ಬಟ್ಟಿನ ಕಣಕವನ್ನು ಗಂಟೆಗಟ್ಟಲೆ ನೆನೆಯಲು ಬಿಡುವ ಮನೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಮಾಂಸ. ಇಲ್ಲಿ ನೀರಿನ ಪಾತ್ರ ತಿರುಗುಮುರುಗಾಗುತ್ತದೆ, ಹೊರಗೆ ಓಡಿಸಿದ್ದನ್ನು ಒಳಗೆ ಕಟ್ಟಿಹಾಕಬೇಕು. ಕಟ್ಟುವ ಹಗ್ಗ ಉಪ್ಪು. ಸ್ನಾಯುವಿನ ಪ್ರೋಟೀನುಗಳಲ್ಲಿ ಪ್ರಮುಖವಾದ ಮಯೋಸಿನ್ ಬರಿನೀರಿನಲ್ಲಿ ಕರಗುವುದಿಲ್ಲ, ಉಪ್ಪುನೀರಿನಲ್ಲಿ ಕರಗುತ್ತದೆ. ಉಪ್ಪಿನ ಕ್ಲೋರೈಡ್ ಅಯಾನುಗಳು ಪ್ರೋಟೀನಿನ ಎಳೆಗಳಿಗೆ ಅಂಟಿಕೊಂಡಾಗ ಎಳೆಗಳೆಲ್ಲ ಒಂದೇ ಬಗೆಯ ವಿದ್ಯುದಂಶ ಪಡೆದು ಒಂದನ್ನೊಂದು ದೂಡುತ್ತವೆ. ಸಂದು ದೊಡ್ಡದಾಗುತ್ತದೆ, ಸಂದಿನೊಳಗೆ ನೀರು ನುಗ್ಗಿ ಕೂರುತ್ತದೆ. ಅರ್ಧ ಕಿಲೋ ಕೈಮಾಕ್ಕೆ ಎಂಟು ಗ್ರಾಂ ಉಪ್ಪು, ಅಂದರೆ ತೂಕದ ಶೇಕಡಾ ಒಂದೂವರೆಗಿಂತ ತುಸು ಹೆಚ್ಚು, ಹದವಾದ ಅಳತೆ. ರುಚಿಗೆ ತಕ್ಕಷ್ಟು ಎನ್ನುವ ನಮ್ಮ ಅಡುಗೆಪುಸ್ತಕಗಳ ಜಾಣ ಮಾತು ಇಲ್ಲಿ ನಡೆಯದು. ಉಪ್ಪು ತೀರಾ ಕಡಿಮೆಯಾದರೆ ರುಚಿ ಹೋಗುವುದಿರಲಿ, ಮಾಂಸ ಕಟ್ಟಿಕೊಳ್ಳುವುದೇ ಇಲ್ಲ, ಕಚ್ಚಿದರೆ ರವೆರವೆಯಾಗಿ ಉದುರುತ್ತದೆ.

ಉಪ್ಪು ಹಾಕಿದ ಮೇಲೆ ನಾದುವುದನ್ನು ಹತ್ತಿರದಿಂದ ನೋಡುವುದು ಚೆನ್ನ. ಮೊದಲಿಗೆ ಕೈಮಾ ಎಳೆಎಳೆಯಾಗಿ, ತೇವವಾಗಿ, ಬೆರಳ ಸಂದಿನಿಂದ ಜಾರುತ್ತಿರುತ್ತದೆ. ಒಂದೆರಡು ನಿಮಿಷ ಕಳೆದಂತೆ ಪಾತ್ರೆಯ ಗೋಡೆಯ ಮೇಲೆ ಬಿಳಿಚಾದ ಅಂಟಿನ ಪೊರೆಯೊಂದು ಎಳೆಯುತ್ತ ಬರುತ್ತದೆ. ಅದೇ ಹೊರಬಂದ ಮಯೋಸಿನ್. ಒಂದು ಹಿಡಿ ತೆಗೆದು ಅಂಗೈಗೆ ತಟ್ಟಿ, ಕೈಯನ್ನು ಬೋರಲು ಮಾಡಿ. ಬೀಳದೆ ಅಂಟಿಕೊಂಡಿದ್ದರೆ ಸಾಕು, ನಿಲ್ಲಿಸಿ. ಇನ್ನೂ ನಾದಿದರೆ ಅಂಗೈಯ ಬಿಸಿಗೆ ಕೊಬ್ಬು ಮೆತ್ತಗಾಗಿ ಪ್ರೋಟೀನಿನ ಮೇಲೆಲ್ಲ ಬಳಿದುಕೊಳ್ಳುತ್ತದೆ. ಹಾಗೆ ಬಳಿದ ಕೊಬ್ಬು ಓವನ್ನಿನಲ್ಲಿ ಎಣ್ಣೆಯಾಗಿ ಸೋರಿ ಕೆಳಪದರವನ್ನು ಹಾಳುಮಾಡುತ್ತದೆ. ಮಾಂಸ, ಪಾತ್ರೆ ಎರಡೂ ಫ್ರಿಡ್ಜಿನಿಂದ ನೇರ ಬಂದಿರಬೇಕು, ಹಾಕುವ ನೀರು ಐಸ್‌ನೀರಾಗಿರಬೇಕು. ಕೊಬ್ಬಿನ ಪಾಲು ನಾಲ್ಕರಲ್ಲೊಂದು ಇರಲಿ. ಕೊಬ್ಬೆಲ್ಲ ತೆಗೆಸಿ ಆರೋಗ್ಯಕ್ಕೆಂದು ಮಾಡಿಸಿದ ಕೈಮಾದಿಂದ ಬರುವುದು ಒಣ ಕಟ್ಟಿಗೆ.

ಬ್ರಿಟಿಷರು ಇದಕ್ಕೆ ರಸ್ಕ್ ಪುಡಿ ಸೇರಿಸುತ್ತಾರೆ. ಈಸ್ಟ್ ಇಲ್ಲದೆ ಬೇಯಿಸಿ ಒಣಗಿಸಿದ ಹಿಟ್ಟಿನ ತರಿ ಅದು, ಮಾಂಸದಿಂದ ಬಿಡುಗಡೆಯಾದ ರಸವನ್ನು ಹೀರಿಕೊಳ್ಳುತ್ತದೆ. ನಮ್ಮಲ್ಲಿ ಕೈಮಾ ಉಂಡೆಗೆ ಹುರಿಗಡಲೆ ಪುಡಿ ಬೆರೆಸುವುದೂ ಇದೇ ಕೆಲಸಕ್ಕೆ. ಒಣ ಬ್ರೆಡ್ಡಿನ ಪುಡಿ ನಡೆಯುತ್ತದೆ, ಅರ್ಧ ಕಿಲೋಗೆ 50 ಗ್ರಾಂ ಹಾಕಿ. ಹೆಚ್ಚು ಹಾಕಿ ಲಾಭ ಹೊಡೆಯುವವರೂ ಇದ್ದಾರೆನ್ನಿ. ಇಂಗ್ಲೆಂಡಿನ ಕಾನೂನಿನ ಪ್ರಕಾರ ಹಂದಿ ಸಾಸೇಜ್ ಎಂದು ಹೆಸರಿಟ್ಟು ಮಾರಬೇಕಾದರೆ ಅದರಲ್ಲಿ ಹಂದಿಮಾಂಸ ಕನಿಷ್ಠ ಶೇಕಡಾ 42 ಇದ್ದರೆ ಸಾಕು! ಮನೆಯಲ್ಲಿ ಮಾಡುವುದಕ್ಕೆ ಇದಕ್ಕಿಂತ ದೊಡ್ಡ ಸಮರ್ಥನೆ ಬೇಕಿಲ್ಲ. ಮಸಾಲೆಯಲ್ಲಿ ಹೆಚ್ಚು ಹೇಳುವುದಕ್ಕೇನಿಲ್ಲ. ಕಾಳುಮೆಣಸು, ಜಾಯಿಕಾಯಿ ಅಥವಾ ಜಾಪತ್ರೆ, ಸೇಜ್ ಎಂಬ ಸೊಪ್ಪು. ಇವುಗಳಲ್ಲಿ ಮೆಣಸು ನಮ್ಮ ಪಶ್ಚಿಮಘಟ್ಟದ ಬಳ್ಳಿಯದು. ಈರುಳ್ಳಿ ಹಾಕುವವರು ಹಸಿಯಾಗಿ ಹಾಕಬಾರದು, ಅದರ ತೂಕದಲ್ಲಿ ಸುಮಾರು ಶೇಕಡಾ 90 ನೀರು. ಬಾಡಿಸಿ, ಆರಿಸಿ ಹಾಕಿ.

ಹಂದಿಮಾಂಸ ಎಂದಾಕ್ಷಣ ಹುಳುವಿನ ಭಯ ಏಳುವುದು ಸಹಜ, ಅದಕ್ಕೆ ಆಧಾರವೂ ಇದೆ. 1835ರಲ್ಲಿ ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಜೇಮ್ಸ್ ಪ್ಯಾಜೆಟ್ ಎಂಬ ವೈದ್ಯ ವಿದ್ಯಾರ್ಥಿ ಶವವೊಂದರ ಸ್ನಾಯುಗಳಲ್ಲಿ ಬಿಳಿ ಚುಕ್ಕೆಗಳನ್ನು ಕಂಡ, ಸೂಕ್ಷ್ಮದರ್ಶಕದಡಿ ಇಟ್ಟಾಗ ಅವುಗಳಲ್ಲಿ ಸುರುಳಿ ಸುತ್ತಿದ ಹುಳುಗಳಿದ್ದವು. ಟ್ರೈಕಿನೆಲ್ಲಾ ಎಂದು ಇಂದು ಕರೆಯುವ ಆ ಹುಳು ಅರೆಬೆಂದ ಹಂದಿಮಾಂಸದಿಂದ ಮನುಷ್ಯನಿಗೆ ಬರುತ್ತದೆ. ನಮ್ಮ ದೇಶದಲ್ಲಿ ಹೆಚ್ಚು ಕಾಡುವುದು ಲಾಡಿಹುಳು. ಅದರ ಕಾಟವೆಲ್ಲ ಹಂದಿಮಾಂಸದಿಂದಲೇ ಎಂದು ಜನರಲ್ಲಿರುವ ನಂಬಿಕೆ ಅರ್ಧ ಮಾತ್ರ ನಿಜ. ಹುಳುವಿನ ಮರಿಗಳಿರುವ ಮಾಂಸವನ್ನು ಅರೆಬೇಯಿಸಿ ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಮಿದುಳಿನಲ್ಲಿ ಗಂಟಾಗಿ ಮೂರ್ಛೆರೋಗ ತರುವ ನ್ಯೂರೋಸಿಸ್ಟಿಸರ್ಕೋಸಿಸ್ ಬರುವುದು ಮಾಂಸದಿಂದಲ್ಲ, ಆ ಹುಳುವಿರುವ ಮನುಷ್ಯನ ಮಲದ ಮೂಲಕ ಹೊರಬಿದ್ದ ಮೊಟ್ಟೆಗಳಿಂದ. ಅವು ತೊಳೆಯದ ಕೈ, ತೊಳೆಯದ ಸೊಪ್ಪು, ಕೊಳಕು ನೀರಿನ ಮೂಲಕ ಹೊಟ್ಟೆ ಸೇರುತ್ತವೆ. ಹಂದಿಯ ಹೆಸರೆತ್ತದ ಸಸ್ಯಾಹಾರಿಗಳಿಗೂ ಈ ಕಾಯಿಲೆ ಬರುವುದು ಈ ಕಾರಣಕ್ಕೆ.

ಕೊಡಗಿನ ಪಂದಿ ಕರಿಯಲ್ಲಿ ಮಾಂಸ ಒಲೆಯ ಮೇಲೆ ದೀರ್ಘಕಾಲ ಕುದಿಯುವುದರಿಂದ ಇಂಥ ಚಿಂತೆಯಿಲ್ಲ. ರೋಲಿನಲ್ಲಿ ಮಾಂಸಕ್ಕೆ ಸಿಗುವ ಸಮಯ ಪದರ ಕೆಂಪಗಾಗುವಷ್ಟು ಹೊತ್ತು ಮಾತ್ರ. ಮೇಲಾಗಿ ಇಡೀ ತುಂಡಿನಲ್ಲಿ ಹೊರಮೈಯಲ್ಲಿರುವ ಬ್ಯಾಕ್ಟೀರಿಯಾ, ಅರೆದ ಮಾಂಸದಲ್ಲಿ ಒಳಗೆಲ್ಲ ಹರಡಿರುತ್ತವೆ. ನಟ್ಟನಡುವೆ ಕನಿಷ್ಠ 70 ಡಿಗ್ರಿ ಶಾಖ ಎರಡು ನಿಮಿಷ ನಿಲ್ಲಬೇಕು, ಕೋಳಿ ಕೈಮಾ ಹಾಕಿದ್ದರೆ 74 ಡಿಗ್ರಿ ಮುಟ್ಟಿಸಿ. ಕಣ್ಣಂದಾಜು ಬೇಡ, ಕಡ್ಡಿ ಚುಚ್ಚಿ ನೋಡುವ ಥರ್ಮಾಮೀಟರ್ ಅಗ್ಗಕ್ಕೇ ಸಿಗುತ್ತದೆ. ಹಾಗೆಂದು 85ಕ್ಕೆ ಏರಿಸಿದರೆ ಪ್ರೋಟೀನುಗಳು ಬಿಗಿದು, ಕಷ್ಟಪಟ್ಟು ಕಟ್ಟಿಹಾಕಿದ ನೀರನ್ನು ಹಿಂಡಿ ಹೊರಹಾಕುತ್ತವೆ.

ಸುತ್ತುವ ಕೆಲಸ ಸುಲಭ. ಹಿಟ್ಟಿನ ಪಟ್ಟಿಯ ಮೇಲೆ ಕೈಮಾವನ್ನು ಹೆಬ್ಬೆರಳಿನಷ್ಟು ದಪ್ಪಕ್ಕೆ ಉದ್ದಕ್ಕೆ ಇಟ್ಟು, ಅಂಚಿಗೆ ಮೊಟ್ಟೆ ಹಚ್ಚಿ, ಮಡಿಸಿ, ಹೊಲಿಗೆ ಅಡಿಗೆ ಬರುವಂತೆ ತಿರುಗಿಸಿ. ಕತ್ತರಿಸುವ ಚಾಕು ಮಾತ್ರ ಹರಿತವಾಗಿರಬೇಕು. ಮೊಂಡು ಚಾಕು ಪದರಗಳ ತುದಿಯನ್ನು ಜಜ್ಜಿ ಒಂದಕ್ಕೊಂದು ಹೊಲಿದುಬಿಡುತ್ತದೆ. ಮೇಲೆ ಮೊಟ್ಟೆ ಸವರುವಾಗಲೂ ಅದೇ ಎಚ್ಚರ. ಕತ್ತರಿಸಿದ ಬದಿಗೆ ಒಂದು ಹನಿ ಇಳಿದರೂ ಹಬೆ ಏಳುವ ಮೊದಲೇ, 65 ಡಿಗ್ರಿ ಆಸುಪಾಸಿನಲ್ಲಿ, ಮೊಟ್ಟೆ ಗಟ್ಟಿಯಾಗಿ ಪದರಗಳಿಗೆ ಬೀಗ ಬೀಳುತ್ತದೆ. ಆ ಬದಿ ಏಳುವುದಿಲ್ಲ. ಬೆನ್ನ ಮೇಲೆ ಎರಡು ಮೂರು ಗೀರು ಹಾಕಿ. ಮಾಂಸದಿಂದ ಏಳುವ ಹಬೆಗೆ ಹೊರದಾರಿ ಸಿಗದಿದ್ದರೆ ಅದು ಒಳಪದರವನ್ನು ಇಡ್ಲಿಯಂತೆ ಬೇಯಿಸುತ್ತದೆ.

ಓವನ್ 200 ಡಿಗ್ರಿಗೆ ಮೊದಲೇ ಕಾದಿರಬೇಕು. ತಣ್ಣನೆಯ ಓವನ್ನಿನಲ್ಲಿ ಬೆಣ್ಣೆ ಕರಗಿ ಹರಿದುಹೋದ ಎಷ್ಟೋ ಹೊತ್ತಿನ ಮೇಲೆ ಹಬೆ ಬರುತ್ತದೆ, ಎತ್ತಲು ಆಗ ಹಾಳೆಗಳೇ ಉಳಿದಿರುವುದಿಲ್ಲ. ಕಾದ ಓವನ್ನಿನಲ್ಲಿ ಬೆಣ್ಣೆ ಕರಗುವುದು, ಹಬೆ ಏಳುವುದು, ಪಿಷ್ಟ ನೀರು ಕುಡಿದು ಗಟ್ಟಿಯಾಗುವುದು, ಗ್ಲೂಟೆನ್ ಬೆಂದು ನಿಲ್ಲುವುದು ಬೆನ್ನುಬೆನ್ನಿಗೆ ನಡೆದು, ಉಬ್ಬಿದ ಆಕಾರ ಉಬ್ಬಿದಂತೆಯೇ ನಿಲ್ಲುತ್ತದೆ. ಒಳಗೆ ಮಯೋಸಿನ್ 50 ಡಿಗ್ರಿ ದಾಟುತ್ತಲೇ ಹೆಪ್ಪುಗಟ್ಟಲು ತೊಡಗಿ, ನೀರು ಮತ್ತು ಕೊಬ್ಬನ್ನು ತನ್ನ ಬಲೆಯಲ್ಲಿ ಹಿಡಿಯುತ್ತದೆ. ಮೇಲ್ಮೈ ಒಣಗಿ 140 ಡಿಗ್ರಿ ದಾಟಿದಾಗ ಪ್ರೋಟೀನು ಸಕ್ಕರೆಗಳು ಕೂಡಿ ಹೊಂಬಣ್ಣ, ಪರಿಮಳ ಹುಟ್ಟುತ್ತದೆ. ಫ್ರೆಂಚ್ ವೈದ್ಯ ಲೂಯಿ ಕಮೀಲ್ ಮೈಯಾರ್ 1912ರಲ್ಲಿ ವರದಿ ಮಾಡಿದ ಕ್ರಿಯೆ ಇದು, ಅವನಿಗೆ ಅಡುಗೆಯಲ್ಲಿ ಆಸಕ್ತಿ ಇದ್ದದ್ದರಿಂದಲ್ಲ, ಜೀವಕೋಶದೊಳಗೆ ಪ್ರೋಟೀನು ಹೇಗೆ ಕಟ್ಟಿಕೊಳ್ಳುತ್ತದೆಂದು ಹುಡುಕುತ್ತಿದ್ದುದರಿಂದ.

ಎಲ್ಲರನ್ನೂ ಸೋಲಿಸುವುದು ಅಡಿಭಾಗ. ಮಾಂಸಕ್ಕೆ ತಾಗಿಕೊಂಡ ಹಿಟ್ಟಿನಲ್ಲಿ ನೀರು ಇರುವವರೆಗೂ ಅದರ ಶಾಖ 100 ಡಿಗ್ರಿ ಮೀರುವುದಿಲ್ಲ. ಮೀರದಿದ್ದರೆ ಗರಿಗರಿಯೂ ಇಲ್ಲ, ಬಣ್ಣವೂ ಇಲ್ಲ. ದಪ್ಪ ತಳದ ಟ್ರೇಯನ್ನು ಓವನ್ನಿನಲ್ಲೇ ಕಾಯಿಸಿ, ಫ್ರಿಡ್ಜಿನಿಂದ ತೆಗೆದ ತಣ್ಣನೆಯ ರೋಲುಗಳನ್ನು ಅದರ ಮೇಲಿಟ್ಟರೆ ಅಡಿಗೆ ಮೊದಲೇ ಶಾಖ ಮುಟ್ಟುತ್ತದೆ. ಕೈಮಾ ಇಡುವ ಜಾಗದಲ್ಲಿ ತೆಳುವಾಗಿ ಬ್ರೆಡ್ ಪುಡಿ ಉದುರಿಸಿದರೆ ರಸ ಹಿಟ್ಟಿಗೆ ಇಳಿಯುವ ಮುನ್ನ ಅಲ್ಲೇ ಇಂಗುತ್ತದೆ. 25 ನಿಮಿಷದ ಹೊತ್ತಿಗೆ ಒಂದು ರೋಲನ್ನು ಎತ್ತಿ ಕೆಳಗಿಂದ ನೋಡಿ, ಮೇಲ್ಭಾಗ ಎಷ್ಟೇ ಚೆಂದವಿದ್ದರೂ ಅಡಿ ಬಿಳಿಚಿಕೊಂಡಿದ್ದರೆ ಇನ್ನೂ ಬೇಕು.

ಸಸ್ಯಾಹಾರಿಗಳಿಗೂ ದಾರಿ ಇದೆ. 1951ರಲ್ಲಿ ನ್ಯೂಕಾಸಲ್ ಬಳಿಯ ಗೋಸ್‌ಫೋರ್ತ್‌ನಲ್ಲಿ ಮೊದಲ ಅಂಗಡಿ ತೆರೆದ ಗ್ರೆಗ್ಸ್ ಬೇಕರಿ ಸರಪಳಿ 2019ರ ಜನವರಿಯಲ್ಲಿ ವೀಗನ್ ಸಾಸೇಜ್ ರೋಲ್ ತಂದಾಗ ಇಡೀ ದೇಶ ಅದರ ಪರ ವಿರೋಧ ಜಗಳಾಡಿತು. ಅದರೊಳಗಿದ್ದದ್ದು ಕ್ವಾರ್ನ್, 1960ರ ದಶಕದಲ್ಲಿ ಬಕಿಂಗ್‌ಹ್ಯಾಂಶೈರಿನ ಮಣ್ಣಿನಲ್ಲಿ ಸಿಕ್ಕ ಫ್ಯೂಸೇರಿಯಂ ಶಿಲೀಂಧ್ರವನ್ನು ತೊಟ್ಟಿಗಳಲ್ಲಿ ಬೆಳೆಸಿ ಪಡೆದ ಪ್ರೋಟೀನು. ಮಾಂಸವಿಲ್ಲದ ಕಡೆ ಮಯೋಸಿನ್ ಇಲ್ಲ, ಕಟ್ಟಲು ಬೇರೆ ಅಂಟು ಬೇಕು. ಮನೆಯಲ್ಲಿ ಅಣಬೆ ಹಾಕುವುದಾದರೆ ಬಾಣಲೆಯಲ್ಲಿ ನೀರೆಲ್ಲ ಆರುವವರೆಗೆ ಹುರಿದು, ಬೇಯಿಸಿ ಕಿವುಚಿದ ಆಲೂಗಡ್ಡೆ, ಹುರಿಗಡಲೆ ಪುಡಿ ಸೇರಿಸಿ. ಮಾಂಸದ ರಚನೆ ಬಾರದು, ಆದರೆ ಪದರ ಕೆಡುವುದಿಲ್ಲ.

ಓವನ್ನಿನಿಂದ ಹೊರಬಂದ ಮೇಲೂ ನೀರಿನ ಕೆಲಸ ಮುಗಿದಿರುವುದಿಲ್ಲ. ಬಿಸಿ ರೋಲನ್ನು ಡಬ್ಬಿಗೆ ಹಾಕಿ ಮುಚ್ಚಿದರೆ ಮಾಂಸದ ಹಬೆ ಪದರದ ಮೇಲೆ ಕೂತು ಕಾಲು ಗಂಟೆಯಲ್ಲಿ ಮೆತ್ತಗಾಗುತ್ತದೆ. ಬೇಕರಿಗಳ ಬಿಸಿಪೆಟ್ಟಿಗೆಯೊಳಗಿಟ್ಟ ಪಫ್ಸ್ ಸಂಜೆಗೆ ತೊಗಲಿನಂತಾಗುವುದೂ ಇದರಿಂದಲೇ. ಹೀಗೆ ಬಿಸಿಯಾಗಿಡುವ ಸಂಗತಿ ಬ್ರಿಟನ್ನಿನಲ್ಲಿ ಸರ್ಕಾರದ ಬೊಕ್ಕಸದವರೆಗೆ ಹೋಗಿದೆ. 2012ರ ಮಾರ್ಚ್ ಬಜೆಟ್ಟಿನಲ್ಲಿ ಹಣಕಾಸು ಸಚಿವ ಜಾರ್ಜ್ ಆಸ್ಬರ್ನ್, ಬಿಸಿಯಾಗಿ ಮಾರುವ ಸಾಸೇಜ್ ರೋಲು, ಪೇಸ್ಟಿ ಎಂಬ ಕಡುಬಿನಂಥ ತಿಂಡಿಗಳ ಮೇಲೆ ಶೇಕಡಾ 20 ವ್ಯಾಟ್ ಹಾಕಲು ಹೊರಟರು. ಸುತ್ತಲಿನ ಗಾಳಿಗಿಂತ ಬಿಸಿಯಾಗಿದ್ದರೆ ತೆರಿಗೆ. ಹಾಗಾದರೆ ಚಳಿಗಾಲಕ್ಕೊಂದು ದರ, ಬೇಸಿಗೆಗೊಂದು ದರವೇ ಎಂದು ಬೇಕರಿಯವರು ಗದ್ದಲ ಎಬ್ಬಿಸಿದರು. ಮೇ ತಿಂಗಳ ಕೊನೆಗೆ ಸರ್ಕಾರ ಹಿಂದೆ ಸರಿಯಿತು. ಬೇಯಿಸಿ ತಾನಾಗಿ ಆರಲು ಬಿಟ್ಟದ್ದಕ್ಕೆ ತೆರಿಗೆ ಇಲ್ಲ, ಬಿಸಿಪೆಟ್ಟಿಗೆಯಲ್ಲಿ ಕಾಯಿಸಿಟ್ಟದ್ದಕ್ಕೆ ಮಾತ್ರ ಉಂಟು ಎಂದಾಯಿತು. ಅಡುಗೆಯ ದೃಷ್ಟಿಯಿಂದಲೂ ಇದು ಒಳ್ಳೆಯ ತೀರ್ಪು. ನೀವೂ ರೋಲುಗಳನ್ನು ತಂತಿಜಾಲರಿಯ ಮೇಲಿಟ್ಟು, ಮುಚ್ಚದೆ, ಹತ್ತು ನಿಮಿಷ ಆರಲು ಬಿಡಿ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಡ್ಜಿಗೆ ಸೇರಿಸಿ, ಮರುದಿನ ಮೈಕ್ರೋವೇವಿನಲ್ಲಿಡದೆ ಓವನ್ನಿನಲ್ಲೇ ಒಳಗಿನವರೆಗೂ ಬಿಸಿಯಾಗುವಂತೆ ಕಾಯಿಸಿ ತಿನ್ನಿ.